ಅಮ್ಮನ ಎಂಜಿನ್

ಹೆಂಡತಿ ತೀರಿಕೊಂಡ ಮೇಲೆ ಅವಳ ಹಳೆಯ ಕಾರನ್ನೇ ನನ್ನ ಬಾಡಿಗೆ ಕೆಲಸಕ್ಕೆ ಹಚ್ಚಿದೆ. ಸಾಮಾನು ಹೇರಿದರೆ ಅದು ಏರು ಹತ್ತುತ್ತಿರಲಿಲ್ಲ. ಮೆಕ್ಯಾನಿಕ್ ಜತೆ ಸೇರಿ ಜಾಸ್ತಿ ಶಕ್ತಿಯ ಎಂಜಿನ್ ಕೂರಿಸಿದೆ. ಹಳೆಯದರ ಆಯಿಲ್ ಬಸಿದು, ಶೆಡ್ಡಿನ ಮೂಲೆಯಲ್ಲಿ ಟೈರಿನ ಮೇಲಿಟ್ಟೆವು.

ಹೆಂಡತಿ ಇದ್ದಾಗ ಚಳಿಗಾಲದಲ್ಲಿ ಮಗಳ ಒದ್ದೆ ಕಾಲುಚೀಲಗಳನ್ನು ಆ ಎಂಜಿನ್ ಬಿಸಿಗೇ ಹರವಿ ಒಣಗಿಸುತ್ತಿದ್ದಳು.

ಮೊನ್ನೆ ಮಗಳಿಗೆ ಶೂ ಹಾಕುವಾಗ ಕಾಲುಚೀಲ ಬೆಚ್ಚಗಿತ್ತು.

"ಎಲ್ಲಿ ಒಣಗಿಸಿದೆ ಪುಟ್ಟಿ?"

"ಅಮ್ಮನ ಎಂಜಿನ್ ಮೇಲೆ. ಇನ್ನೆಲ್ಲಿ, ನಿನ್ನ ತಲೆ ಮೇಲಾ?"

ಹುಡುಗಾಟ ಅಂದುಕೊಂಡು ಶೂ ಲೇಸು ಕಟ್ಟಿದೆ.

ನಿನ್ನೆ ಗುಜರಿಯವನು ಬಂದ. ಹಳೆಯ ಎಂಜಿನ್ ಎತ್ತಲು ಹೋಗಿ ಕೈ ಹಿಂದಕ್ಕೆಳೆದುಕೊಂಡ.

"ಏನ್ ಸಾರ್, ಈಗಷ್ಟೇ ಇಳಿಸಿದ್ರಾ? ಕೈ ಸುಡುತ್ತಲ್ಲ."

ಇಳಿಸಿ ತಿಂಗಳಾಗಿತ್ತು. ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ, "ಅಪ್ಪಾ, ಅದನ್ನ ಕೊಡಬೇಡ" ಎಂದಳು. ಅವನನ್ನು ಬರಿಗೈಯಲ್ಲಿ ಕಳಿಸಿದೆ.

ಇವತ್ತು ಬೆಳಿಗ್ಗೆ ಮಗಳ ಕಾಲುಚೀಲ ತರಲು ನಾನೇ ಶೆಡ್ಡಿಗೆ ಹೋದೆ. ಎಂಜಿನ್ ಮೇಲೆ ಅವಳ ಪುಟ್ಟ ಕಾಲುಚೀಲದ ಪಕ್ಕದಲ್ಲಿ ನನ್ನ ಕಾಲುಚೀಲವೂ ಒಣಗಿ ಬೆಚ್ಚಗಿತ್ತು. ನಿನ್ನೆ ಕೆಲಸದಿಂದ ಬಂದು ಅದನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದವನು ನಾನು. ಆ ಹಗ್ಗ ಮಗಳ ಕೈಗೆ ಎಟುಕುವುದಿಲ್ಲ.