ಒಂಬತ್ತನೇ ನಂಬರು

ಕಾಗದದ ಕೊನೆಯಲ್ಲಿ, ಎಡಮೂಲೆಯಲ್ಲಿ, ‘ಯೋ.ನ.’ ಎಂದು ಬರೆದಿದ್ದನ್ನು ಕಂಡಿದ್ದೇ ಶಿವನಂಜಮ್ಮ ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಮದ್ದೂರಿನಲ್ಲಿ ಯೋ.ನ. ಎಂದರೆ ಒಬ್ಬನೇ, ಬಸ್ ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವ ಯೋಗಾನರಸಿಂಹ. ಎರಡು ತಿಂಗಳಿಂದ ಅವಳು ದಿನಾ ಸಂಜೆ ಐದಕ್ಕೆ ಅಲ್ಲಿಗೆ ಹೋಗುತ್ತಿದ್ದಳು. ಆಸ್ಪತ್ರೆಯ ವರದಿಗಳನ್ನು ಟೈಪ್ ಮಾಡಲು ಕಲಿಯಬೇಕು ಎಂದು ಎಲ್ಲರಿಗೂ ಹೇಳಿದ್ದಳು. ಅದರಲ್ಲಿ ಅರ್ಧ ನಿಜ.

ಉಳಿದರ್ಧ ಏನೆಂದು ಬಿಡಿಸಿ ಹೇಳಬೇಕೇ? ಬೆರಳು ತಪ್ಪಿದರೆ ಅವನು ಗದರುತ್ತಿರಲಿಲ್ಲ. ಮೆಷಿನ್ನಿನ ಆಚೆಯಿಂದ ಬಗ್ಗಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, “ಸಿಸ್ಟರ್, ಇಂಜೆಕ್ಷನ್ನೂ ಹೀಗೇ ಕೊಡ್ತೀರಾ?” ಎನ್ನುತ್ತಿದ್ದ. ಅವಳು ತುಟಿ ಕಚ್ಚಿ ನಗು ತಡೆಯುವಷ್ಟರಲ್ಲಿ ಇನ್ನೆರಡು ತಪ್ಪು ಬಿದ್ದಿರುತ್ತಿದ್ದವು.

ಈಗ ಅವಳ ಕೈಯಲ್ಲಿದ್ದದ್ದು ಆಸ್ಪತ್ರೆಗೆ ಅಂಚೆಯಲ್ಲಿ ಬಂದ ಒಂದು ಮಸೂದೆಯ ಕರಡು. ಯಾರೋ ಶಾಸಕರು ಅದನ್ನು ವಿಧಾನಸಭೆಗೆ ತರುವವರಿದ್ದರು. ಗರ್ಭಪಾತ ಮಾಡುವ ಯಾವ ಆಸ್ಪತ್ರೆಗೂ ಇನ್ನು ಮುಂದೆ ಸರ್ಕಾರದ ಅನುದಾನ ಕೊಡಕೂಡದು, ಕೊಡಬೇಕೆಂದರೆ ಅಂಥ ಆಸ್ಪತ್ರೆ ಆ ಕೆಲಸ ನಿಲ್ಲಿಸಿ, ಹಿಂದಿನ ರಿಜಿಸ್ಟರುಗಳನ್ನು ಸಮಿತಿಯ ಮುಂದೆ ಇಡಬೇಕು ಎಂದು ಅದರ ಮೂರನೇ ಕಲಮು ಹೇಳುತ್ತಿತ್ತು. ಶಿವನಂಜಮ್ಮ ಕೆಲಸ ಮಾಡುವ ಹೆರಿಗೆ ಆಸ್ಪತ್ರೆ ಒಂದು ಟ್ರಸ್ಟಿನದು. ಹಾಸಿಗೆ, ಔಷಧಿ, ಅವಳ ಸಂಬಳ ಎಲ್ಲ ನಡೆಯುವುದು ಆ ಅನುದಾನದಲ್ಲೇ. ಗರ್ಭಪಾತಕ್ಕೆ ಅವಕಾಶ ಕೊಟ್ಟ ಕಾನೂನು ಜಾರಿಗೆ ಬಂದ ಎಪ್ಪತ್ತೆರಡರಿಂದ, ಎರಡು ವರ್ಷವಾಯಿತು, ಹಿತ್ತಲ ಕಡೆಯ ಕೊನೆಯ ಕೋಣೆಯಲ್ಲಿ ಡಾಕ್ಟರ್ ವೇದವತಿ ಗರ್ಭ ತೆಗೆಯುತ್ತಿದ್ದರು.

ಅಲ್ಲಿಗೆ ಬಂದವರ ಹೆಸರು ಒಂದೇ ಒಂದು ಪುಸ್ತಕದಲ್ಲಿ ಇರುತ್ತಿತ್ತು, ಅದು ಬೀರುವಿನಲ್ಲಿ, ಬೀಗದ ಕೈ ಡಾಕ್ಟರ ಸೊಂಟದಲ್ಲಿ. ಮಿಕ್ಕ ಕಡೆಯೆಲ್ಲ ಬರೀ ನಂಬರು. ಆ ಪುಸ್ತಕದ ಒಂಬತ್ತನೇ ನಂಬರಿನ ಎದುರಿಗೆ ಇದ್ದ ಹೆಸರು ಶಿವನಂಜಮ್ಮನದೇ.

ಮದುವೆಯಾಗುತ್ತೇನೆಂದು ನಂಬಿಸಿದ ಗೆಜ್ಜಲಗೆರೆ ಕಡೆಯ ಮೇಸ್ತ್ರಿಯೊಬ್ಬ ಹೇಳದೆ ಕೇಳದೆ ಊರು ಬಿಟ್ಟಿದ್ದ. ಮಳವಳ್ಳಿ ಹತ್ತಿರದ ಹಟ್ಟಿಯಲ್ಲಿ ಅಪ್ಪ ಚಿಕ್ಕಬೋರಯ್ಯ ಅವಳ ಬಟ್ಟೆಗಂಟನ್ನು ಬೀದಿಗೆ ಎಸೆದು, ಇನ್ನು ಮೇಲೆ ನಿನ್ನ ಹೆಸರಿನ ಜೊತೆ ನನ್ನ ಹೆಸರು ಬರಕೂಡದು ಎಂದಿದ್ದ. ಡಾಕ್ಟರಮ್ಮ ಅವಳ ಜೀವ ಉಳಿಸಿ, ಅಲ್ಲೇ ಕೆಲಸ ಕೊಟ್ಟು, ನರ್ಸ್ ತರಬೇತಿಗೂ ಕಳಿಸಿದ್ದರು. ಇದು ಅವರಿಬ್ಬರಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ತೆಗೆಸಲು ಹೊರಟವನು ಯೋಗಾನರಸಿಂಹನೇ ಎಂದು ತಿಳಿದಾಗ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಸಂಜೆ ಹೋದವಳು ಮೆಷಿನ್ನಿನ ಮುಂದೆ ಕೂರಲಿಲ್ಲ. ಕಾಗದವನ್ನು ಅವನ ಮೇಜಿನ ಮೇಲಿಟ್ಟು, “ಇದು ನಿಮ್ದೇನಾ ಮೇಷ್ಟ್ರೇ?” ಎಂದಳು.

ಅವನು ಹೆಮ್ಮೆಯಿಂದ ಅದನ್ನು ಬೆಳಕಿಗೆ ಹಿಡಿದ. “ನಂದೇ. ಐದು ಪುಟದಲ್ಲಿ ಒಂದು ತಪ್ಪು ತೋರಿಸಿ ನೋಡೋಣ.”

ಅವಳು ಏನೂ ತೋರಿಸದೆ ಹೊರಟುಬಂದಳು. ಹಿಂದಿನಿಂದ ಅವನು ಕರೆದದ್ದು ಕೇಳಿಸಿತು. ಸಂತೆಯ ಜನರ ನಡುವೆ ಅವಳು ಓಡುವಷ್ಟು ಬೇಗ ನಡೆದಳು.

ಮುಂದಿನ ಮೂರು ದಿನ ಅವಳು ಕ್ಲಾಸಿಗೆ ಹೋಗಲಿಲ್ಲ. ಗೇಟು ಕಿರ್ರೆಂದರೆ ಸಾಕು, ಸಮಿತಿಯವರು ಬಂದರೇನೋ ಎಂದು ಕೈಯಲ್ಲಿದ್ದ ಟ್ರೇ ಇಟ್ಟು ಕಿಟಕಿಗೆ ಓಡುತ್ತಿದ್ದಳು. ಸೋಮವಾರ ಪ್ರವಾಸಿ ಮಂದಿರದಲ್ಲಿ ಸಮಿತಿಯವರು ಮಸೂದೆಯ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾರಂತೆ ಎಂದು ಡಾಕ್ಟರಮ್ಮ ಹೇಳಿದರು. ಪುಸ್ತಕವನ್ನು ಪ್ರಾಣ ಹೋದರೂ ಕೊಡುವುದಿಲ್ಲವೆಂದರು. ಅನುದಾನ ನಿಂತರೆ ಎಷ್ಟು ದಿನ ನಡೆಸುತ್ತೇನೋ ತಿಳಿಯದು ಎಂದು ಅದೇ ಉಸಿರಿನಲ್ಲಿ ಸೇರಿಸಿದರು.

ನಾಲ್ಕನೇ ದಿನ ಯೋಗಾನರಸಿಂಹ ತಾನೇ ಆಸ್ಪತ್ರೆಗೆ ಬಂದ. ಬಸುರಿಯರು ಸಾಲಾಗಿ ಕೂತಿದ್ದ ಬೆಂಚಿನ ತುದಿಯಲ್ಲಿ, ಮಡಿಲಲ್ಲಿ ಫೈಲಿಟ್ಟುಕೊಂಡು, ಮುದುಡಿ ಕೂತ. ಎಷ್ಟು ತಿಂಗಳು ಎಂದು ಒಬ್ಬಾಕೆ ಕೇಳಿದಳು. ಇಡೀ ಬೆಂಚು ಕಿಸಕ್ಕೆಂದಿತು. ಅವನ ಕಿವಿ ಕೆಂಪಾದವು. ಆಯಾ ಪಟ್ಟಲಮ್ಮನಿಗೆ ಕರುಣೆ ಬಂದು ಶಿವನಂಜಮ್ಮನ ರಟ್ಟೆ ಹಿಡಿದು ಎಳೆತಂದಳು. “ಅದೇನೈತೋ ಮಾತಾಡಿ ಕಳ್ಸಮ್ಮಿ. ಇಂಗೇ ಕುಂತ್ರೆ ಆವಯ್ಯಂಗೂ ಇಲ್ಲೇ ಹೆರಿಗೆ ಆಯ್ತದೆ.”

ಬೇವಿನ ಮರದ ಕೆಳಗೆ ಅವಳು ಒಂದೇ ಉಸಿರಿಗೆ ಕೇಳಿದಳು. ಅಂಥ ಮಸೂದೆ ಬರೆಯಲು ಕೈ ಹೇಗೆ ಬಂತು? ಅವನು ತಬ್ಬಿಬ್ಬಾದ. ಆಮೇಲೆ ಅರ್ಥವಾಗಿ ಹಣೆ ಚಚ್ಚಿಕೊಂಡ. ಎಡಮೂಲೆಯಲ್ಲಿ ಹಾಕುವುದು ಬರೆದವನ ಸಹಿಯಲ್ಲ, ಟೈಪ್ ಮಾಡಿದವನ ಗುರುತು. ಮಾರಾಟದ ಪತ್ರಕ್ಕೂ ಲಗ್ನಪತ್ರಿಕೆಗೂ ಅದೇ ಗುರುತು ಹಾಕುತ್ತಾನೆ, ತಪ್ಪಾದರೆ ಯಾರನ್ನು ಬೈಯಬೇಕೆಂದು ತಿಳಿಯಲಿ ಎಂದು. ಶಾಸಕರ ಕಡೆಯ ಮರಿಸಿದ್ದಯ್ಯ ತಂದುಕೊಟ್ಟಿದ್ದ, ಇವನು ಕುಟ್ಟಿಕೊಟ್ಟಿದ್ದ. ಬೆರಳು ಓಡುವಾಗ ತಲೆ ಓಡಲಿಲ್ಲ, ಅದು ನನ್ನ ತಪ್ಪೇ ಎಂದು ಒಪ್ಪಿಕೊಂಡ. ಡಾಕ್ಟರಮ್ಮನ ಆಕ್ಷೇಪಣೆಯನ್ನು ತಾನೇ ಟೈಪ್ ಮಾಡಿಕೊಡುವೆ ಎಂದು ಫೈಲು ತೆಗೆದ.

ಅವಳಿಗೆ ಉಸಿರು ಬಂತು. ನಗು ಕೂಡ ಬಂತು. ಆಗ ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, ಅವಳನ್ನು ನೋಡದೆ, “ಇನ್ನೊಂದು ವಿಷಯ. ನಿಮ್ಮನ್ನ ಸಿಸ್ಟರ್ ಅಂತ ಕರೆಯೋದು ನನಗೆ ಇನ್ಮೇಲೆ ಆಗಲ್ಲ” ಎಂದ.

ಎಷ್ಟು ದಿನದಿಂದ ಕಾದಿದ್ದ ಮಾತು ಅದು! ಒಂದು ಗಳಿಗೆ ಅವಳಿಗೆ ಮೈಯೆಲ್ಲ ಹಗುರಾಯಿತು. ಮರುಗಳಿಗೆ ಬೀರು ಕಣ್ಣಮುಂದೆ ಬಂತು. ಅವನು ಅಯ್ಯಂಗಾರರ ಮನೆಯವನು, ತಾನು ಹಟ್ಟಿಯವಳು ಎಂಬುದೇ ಬೇಕಾದಷ್ಟಿತ್ತು. ಆದರೆ ಇದನ್ನು ಮುಚ್ಚಿಟ್ಟು ಹೂಂ ಎಂದರೆ ಬದುಕಿಡೀ ಗೇಟಿನ ಸದ್ದಿಗೆ ಬೆಚ್ಚಬೇಕು.

“ಮೇಷ್ಟ್ರೇ, ಆ ಮಸೂದೆ ಕೇಳೋ ಪುಸ್ತಕದಾಗೆ ಒಂಬತ್ತನೇ ನಂಬರು ನಾನು ಕಣ್ರೀ.”

ಅವನು ಕನ್ನಡಕ ಒರೆಸುವುದನ್ನು ನಿಲ್ಲಿಸಿದ. ಅವಳು ಎಲ್ಲವನ್ನೂ ಹೇಳಿದಳು, ಮೇಸ್ತ್ರಿಯ ಹೆಸರನ್ನೂ ಬಿಡದೆ. ಅವನು ಕನ್ನಡಕ ಹಾಕಿಕೊಂಡು, ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟು ದಾಟಿದ. ಬೇವಿನ ಮರದ ಕೆಳಗೆ ನಿಂತೇ ಇದ್ದ ಅವಳನ್ನು ಪಟ್ಟಲಮ್ಮ ಎರಡು ಸಲ ಕೂಗಬೇಕಾಯಿತು.

ಆಕ್ಷೇಪಣೆ ಶನಿವಾರ ಟೈಪಾಗಿ ಬಂತು. ಜೊತೆಯಲ್ಲಿ ಅವಳಿಗೆಂದು ಒಂದು ಚೀಟಿಯೂ ಇರಲಿಲ್ಲ. ಈಗ ಅವಳಿಗೆ ಎರಡು ಭಯ. ಸಮಿತಿಯ ಮುಂದೆ ತಾನು ಬಾಯಿಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ, ಬಿಡದಿದ್ದರೆ ನಾಳೆ ಬರುವ ಹೆಣ್ಣುಗಳಿಗೆ ಈ ಕೋಣೆ ಇರುವುದಿಲ್ಲ. ಗರ್ಭ ತೆಗೆಯಲು ತುರುಕಿದ ಎಕ್ಕದ ಕಡ್ಡಿಯಿಂದ ಸತ್ತ ಓರಗೆಯವಳೊಬ್ಬಳನ್ನು ಹಟ್ಟಿಯಲ್ಲಿ ಅವಳೇ ಕಂಡಿದ್ದಳು. ಹೆಣಕ್ಕೆ ಹೊದಿಸಿದ್ದ ಕಂಬಳಿ ಕೆಳಗೆಲ್ಲ ಒದ್ದೆಯಾಗಿತ್ತು.

ಸೋಮವಾರ ಪ್ರವಾಸಿ ಮಂದಿರದ ಹಾಲು ತುಂಬಿತ್ತು. ಸಾಕ್ಷಿಗಳ ಹೇಳಿಕೆಯನ್ನು ಕೂತಲ್ಲೇ ಟೈಪ್ ಮಾಡಲು ಸಮಿತಿ ಕರೆಸಿದ್ದು ಊರಿನ ಒಂದೇ ಕನ್ನಡ ಮೆಷಿನ್ನನ್ನು, ಅದರ ಹಿಂದೆ ಅದರ ಯಜಮಾನ. ಅವನನ್ನು ಕಂಡು ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಳು. ಅವನು ತಲೆ ಎತ್ತಲಿಲ್ಲ. ಮೂರು ದಿನದ ಗಡ್ಡ ಬಿಟ್ಟಿದ್ದ.

ಡಾಕ್ಟರಮ್ಮ ಮಾತಾಡಿದರು. ಅಂಕಿಗಳನ್ನು ಕೇಳಿ ಸಮಿತಿಯ ಅಧ್ಯಕ್ಷರು ಆಕಳಿಸಿದರು. ಮಾನವಂತರ ಮನೆಯ ಹೆಂಗಸರು ಅಲ್ಲಿಗೆ ಹೋಗುತ್ತಾರೆಯೇ ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಶಿವನಂಜಮ್ಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ.

“ನಾನು ಓಗಿದ್ದೆ ಸ್ವಾಮಿ. ಆ ಕ್ವಾಣೆ ಇಲ್ದಿದ್ರೆ ಎಕ್ಕದ ಕಡ್ಡಿ ಇತ್ತು. ನಾನಿವತ್ತು ನಿಮ್ಮುಂದೆ ನಿಂತಿರ್ತಿರ್ಲಿಲ್ಲ.” ಅವಳು ಅಧ್ಯಕ್ಷರತ್ತ ತಿರುಗಿದಳು. “ಪುಸ್ತಕ ತೆಗ್ಸಬ್ಯಾಡಿ. ನಂದೊಂದು ಎಸ್ರು ನಾನೇ ಏಳ್ತೀನಿ. ಮಿಕ್ಕೋರ್ದು ಮುಚ್ಚಿರ್ಲಿ ಬುಡಿ.”

ಅಧ್ಯಕ್ಷರು ನೆಟ್ಟಗೆ ಕೂತು, ಹೆಸರು ಕೇಳಿದರು. ಹೇಳಿದಳು. ಕೀಲಿಗಳು ಒಂದೊಂದಾಗಿ ಬಡಿದವು. ಇನ್ನು ಬಿನ್ ಯಾರು, ಕೋಂ ಯಾರು ಎಂದು ಅವರು ಕೇಳಿದರು. ಸರ್ಕಾರಿ ಕಾಗದದಲ್ಲಿ ಹೆಣ್ಣು ಬಿನ್ ಎಂದು ಅಪ್ಪನಿಗೋ ಕೋಂ ಎಂದು ಗಂಡನಿಗೋ ಸೇರಿರಬೇಕು, ಎರಡೂ ಇಲ್ಲದವಳು ಅಲ್ಲಿ ಲೆಕ್ಕಕ್ಕೇ ಇಲ್ಲ.

ಶಿವನಂಜಮ್ಮ ಬಾಯಿ ತೆರೆದಳು. ಅಪ್ಪನ ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳುವ ಹಕ್ಕನ್ನು ಅಪ್ಪನೇ ಕಿತ್ತುಕೊಂಡಿದ್ದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಯೋಗಾನರಸಿಂಹ ಆಗ ತಲೆ ಎತ್ತಿದ. ಅಧ್ಯಕ್ಷರನ್ನಲ್ಲ, ಅವಳನ್ನು ನೋಡಿದ. “ನಮ್ಮಮ್ಮನಿಗೆ ನಿಮ್ಮ ವಿಷಯ ಹೇಳೋಕೆ ಇಷ್ಟು ದಿನ ಬೇಕಾಯ್ತು. ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ. ಆದರೂ ಹೇಳಿದ್ದೀನಿ.” ಅವನಿಗೂ ಅವಳಷ್ಟೇ ಭಯವಾಗಿತ್ತು. “ನೀವು ಒಪ್ಪಿದರೆ ಕೋಂ ಅಂತ ಹಾಕಿ ನನ್ನ ಹೆಸರು ಒತ್ತುತ್ತೀನಿ. ಮದುವೆಗೆ ರಿಜಿಸ್ಟ್ರಾರಿಗೆ ನೋಟೀಸು ಕೊಟ್ಟು ಒಂದು ತಿಂಗಳು ಕಾಯಬೇಕಂತೆ, ಕಾಯೋಣ. ಒಪ್ಪದಿದ್ದರೆ ಜಾಗ ಖಾಲಿ ಬಿಡ್ತೀನಿ, ಯಾರು ಕೇಳಿದರೂ ತುಂಬಲ್ಲ.”

ಇದು ಹೇಳಿಕೆಯ ಭಾಗವಲ್ಲ ಎಂದು ಅಧ್ಯಕ್ಷರು ಗೊಣಗಿದರು. ಅವನು ಅತ್ತ ತಿರುಗಲಿಲ್ಲ. ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದ.

ಅವಳ ಹೆದರಿಕೆ ಹೋಗಿರಲಿಲ್ಲ. ಮಸೂದೆ ಏನಾಗುತ್ತದೋ, ನಾಳೆ ಊರು ಏನನ್ನುತ್ತದೋ, ಆ ತಾಯಿ ಬಾಗಿಲು ತೆಗೆಯುತ್ತಾರೋ ಇಲ್ಲವೋ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತು, ಇಡೀ ಹಾಲಿಗೆ ಕೇಳುವ ಹಾಗೆ ಅವಳು ಹೇಳಿದಳು:

“ಒತ್ತಿ ಮೇಷ್ಟ್ರೇ.”