ಹಸಿದ ಯೀಸ್ಟಿನ ಬಾಗಿಲು ಕಿತ್ತವರು ಯಾರು?

ಹಸಿರು ಉಂಗುರಗಳು ಮತ್ತೆ ಮಾಯವಾಗಿದ್ದವು. ಸತತ ಏಳನೆಯ ದಿನ!

ಸಂಶೋಧಕಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ ಹಣೆ ಚಚ್ಚಿಕೊಂಡಳು. "ಅಕ್ಕಾ, ಇವತ್ತೂ ಬಾಗಿಲೆಲ್ಲ ಒಳಗೆ ಹೋಗಿಬಿಟ್ಟಿವೆ!"

"ನನ್ನನ್ಯಾಕೆ ನೋಡ್ತೀಯೆ? ನಾನೇನು ಬಾಗಿಲು ಕಾಯೋಳಾ?" ಸೀಸೆಯಕ್ಕ ರೇಗಿದಳು. ಯೀಸ್ಟಿಗೆ ಬೇಕಾದ ಊಟದ ನೀರನ್ನೂ, ಆಹಾರವಿಲ್ಲದ ಹಸಿವಿನ ನೀರನ್ನೂ ಕಾಯಿಸಿ ಬೇರೆಬೇರೆ ಸೀಸೆಗೆ ತುಂಬುವುದು ಆ ಪ್ರಯೋಗಾಲಯದಲ್ಲಿ ಅವಳ ಕೆಲಸ.

ಯೀಸ್ಟಿನ ಗುಣ ಅವಳಿಗೆ ಅಂಗೈ ನೆಲ್ಲಿಕಾಯಿ. ಹಸಿವಾದರೆ ಕೋಶ ತನ್ನ ಅಂಚಿನುದ್ದಕ್ಕೂ ಬಾಗಿಲಿನಂಥ ಪ್ರೋಟೀನುಗಳನ್ನು ನಿಲ್ಲಿಸುತ್ತದೆ—ಸಿಕ್ಕಿದ್ದನ್ನು ಒಳಗೆಳೆದುಕೊಳ್ಳಲು. ಹೊಟ್ಟೆ ತುಂಬಿತೆಂಬ ಸುದ್ದಿ ಮುಟ್ಟಿತೋ, ಆ ಬಾಗಿಲುಗಳನ್ನೇ ಕಿತ್ತು ಒಳಗಿನ ಚೀಲಕ್ಕೆ ದೂಡುತ್ತದೆ. ಸಂಶೋಧಕಿ ಬಾಗಿಲುಗಳಿಗೆ ಹಸಿರು ಹೊಳಪು ಅಂಟಿಸಿದ್ದಳು. ಹಸಿದ ಕೋಶಕ್ಕೆ ಹಸಿರು ಉಂಗುರ. ಉಂಡ ಕೋಶಕ್ಕೆ ಒಳಗೊಂದು ಹಸಿರು ಉಂಡೆ.

ಈಗ ಉಪವಾಸವಿದ್ದ ಕೋಶಗಳಲ್ಲೂ ಉಂಡೆ! ಉಣಿಸಿದವರು ಯಾರು?

ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಬಂದೇಬಿಟ್ಟರು. "ಉಂಗುರ ಸಿಗ್ತಾ? ಇಲ್ಲ! ಹೋದ ತಿಂಗಳ ಫೋಟೋದಲ್ಲಿ ಮಾತ್ರ ಥಳಥಳ. ಹೇಗಮ್ಮಾ? ಬಣ್ಣ ಬಳಿದ್ಯಾ?"

"ಸರ್, ನಾನು—"

"ನಾಲ್ಕು ಗಂಟೆಯೊಳಗೆ ತೋರಿಸು. ಇಲ್ದಿದ್ರೆ ನಿನ್ನ ಪ್ರಬಂಧ ವಾಪಸ್ ತಗೊಳ್ತೀನಿ. ಅಚ್ಚು ಹಾಕೋ ಪತ್ರಿಕೆಗೆ ಪತ್ರ ಬರೆದಿಟ್ಟಾಯ್ತು." ಸೀಸೆಯಕ್ಕನ ಕಡೆ ತಿರುಗಿದರು. "ನೀನೇ ಹಸಿವಿನ ಸೀಸೆಗೆ ಊಟದ ನೀರು ಬೆರೆಸಿರ್ತೀಯ. ಕೋಶ ಅಲುಗಾಡದ ಹಾಗೆ ಹೋದ ವಾರದಿಂದ ಅಗರ್ ಜೆಲ್ಲಿಯ ಹಾಸು ಎರೆದು ಕೊಡ್ತಿರೋನು ನಾನು. ಅದರಲ್ಲಿ ತಪ್ಪಿರಲ್ಲ. ಮೂವತ್ತು ವರ್ಷದ ಕೈ!"

ಅವರು ಹೋದದ್ದೇ ತಡ, ಸೀಸೆಯಕ್ಕ ಎದೆಯುಬ್ಬಿಸಿ, ಮೂಗಿನಿಂದಲೇ ಗುಡುಗಿದಳು: "ಮೂವತ್ತು ವರ್ಷದ ಕೈ! ಬಾಯಿಗೆ ಎಷ್ಟು ವರ್ಷವೋ?"

ಅಳುತ್ತಿದ್ದ ಸಂಶೋಧಕಿಗೂ ನಗು ಬಂತು.

"ಸಾಕು, ಮೂಗೊರೆಸ್ಕೋ. ಹಸಿವಿನ ಸೀಸೆ ಯಾರ್ಯಾರು ಮುಟ್ತಾರೆ?"

"ನೀವು, ನಾನು."

"ಪಕ್ಕದ ಮೇಜಿನ ಕುಂಭಕರ್ಣ?"

"ಅವನು ಎದ್ರೆ ತಾನೆ ಮುಟ್ಟೋದು!"

"ಸರಿ, ಫೋಟೋ ತೋರಿಸು. ಮೊದಲನೇದ್ರಿಂದ."

"ಮೊದಲನೇದು ಲೆಕ್ಕಕ್ಕಿಲ್ಲ ಅಕ್ಕ. ಹಾಸಿನ ಮೇಲಿಟ್ಟ ತಕ್ಷಣ ಫೋಕಸ್ ನೋಡೋಕೆ ತೆಗೆಯೋದು, ಮಸುಕು. ಅರ್ಧ ಗಂಟೆ ಬಿಟ್ಟು ತೆಗೆದಿದ್ದೇ ಅಸಲಿ."

"ತೋರಿಸೇ ಅಂದ್ರೆ!"

ನೋಡಿದಳು. ಇನ್ನೊಮ್ಮೆ ನೋಡಿದಳು. "ಅಯ್ಯೋ ನಮ್ಮ ಕರ್ಮವೇ!" ಎನ್ನುತ್ತ ಅಗರ್ ಪುಡಿಯ ಡಬ್ಬಿಗೆ ಕೈ ಹಾಕಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಮೇಷ್ಟ್ರ ಕೋಣೆಯಲ್ಲಿದ್ದರು.

"ಈ ಫೋಟೋ ಮೂರನೇ ನಿಮಿಷದ್ದು ಸರ್," ಎಂದಳು ಸೀಸೆಯಕ್ಕ. "ಏನಿದೆ?"

"ಮಸುಕು."

"ಮಸುಕೊಳಗೆ?"

"...ಉಂಗುರ."

"ಅರ್ಧ ಗಂಟೆಗೆ?"

"ಉಂಡೆ."

"ನನ್ನ ಸೀಸೇಲೇ ಊಟ ಇದ್ದಿದ್ರೆ ಮೊದಲನೇ ಫೋಟೋದಲ್ಲೇ ಉಂಡೆ ಇರಬೇಕಿತ್ತು. ಇವು ಸೀಸೇಲಿ ಉಪವಾಸ ಇದ್ದು, ಹಾಸಿನ ಮೇಲೆ ಮಲಗಿಕೊಂಡು ಉಂಡಿವೆ. ಸರ್, ಅಗರ್‌ನ ಯಾವ ನೀರಲ್ಲಿ ಕರಗಿಸ್ತೀರಿ?"

"ಯಾವುದು ಅಂದ್ರೆ? ಯಾವಾಗಲೂ ಹಾಕೋದೇ. ಊಟದ—"

ಮೇಷ್ಟ್ರು ಫೋಟೋವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಬಡಿಸಿದ್ದು ನೀವೇ ಸರ್! ಈ ಫೋಟೋ ನಾನು ಹಸಿವಿನ ನೀರಲ್ಲಿ ಎರೆದ ಹಾಸಿನದು. ಕೋಶ ಇಟ್ಟು ನಲವತ್ತು ನಿಮಿಷ ಆದ್ಮೇಲೆ ತೆಗೆದಿದ್ದು. ನೋಡಿ, ಉಂಗುರ ಕದಲಿಲ್ಲ."

"ನನ್ನ ಕೋಶಗಳಿಗೆ ಮೂವತ್ತು ವರ್ಷದಿಂದ ಅದನ್ನೇ—"

"ನಿಮ್ಮವು ಉಣ್ಣೋಕೆ ಬರ್ತವೆ. ಇವಳವು ಹಸ್ಕೊಂಡಿರೋಕೆ."

ಸಂಶೋಧಕಿ ಮುಂದೆ ಬಂದಳು. "ಪತ್ರ ಕಳಿಸಿದ್ರಾ ಸರ್?"

"ಇಲ್ಲ... ಇಲ್ಲೇ ಇದೆ. ಅಳಿಸ್ತೀನಿ ತಾಳಮ್ಮ." ಅವರ ಬೆರಳು ಕಂಪ್ಯೂಟರಿನ ಕಡೆ ಹೊರಟಿತು.

"ಬೇಡ ಸರ್. ನೀವು ಕೈ ಹಾಕಿದ್ದು ಸಾಕು."

ಸಂಶೋಧಕಿಯೇ ಬಗ್ಗಿದಳು. 'ಬಣ್ಣ ಬಳಿದ ಚಿತ್ರಗಳು' ಎಂಬಲ್ಲಿಂದ ಶುರುಮಾಡಿ, ಮೇಷ್ಟ್ರು ನೋಡುತ್ತಿರುವಂತೆಯೇ, ಒಂದೊಂದೇ ಸಾಲು ಅಳಿಸಿದಳು.