ನೆಟ್ಟಗೆ ನಿಂತ ಇಸ್ತ್ರಿಪೆಟ್ಟಿಗೆ

“ಆ ಫ್ರಾಕ್ ಇಸ್ತ್ರಿ ಮಾಡ್ಬೇಡಿ ಅಂಕಲ್. ಹಾಗೇ ಕೊಡಿ,” ಎಂದಳು ಗುಬ್ಬಿ.

ಅಂಗಡಿಯ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಪಟಾಕಿಯ ಕೈ ನಿಂತಿತು.

ಪಟಾಕಿಯ ಅಪ್ಪ ಅಂಗಿಯೊಂದರ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಿಸುತ್ತಲೇ ಕೇಳಿದ, “ಯಾಕಮ್ಮ? ನಾಳೆ ಸ್ಟೇಜ್ ಮೇಲೆ ಕತೆ ಓದೋದಿಲ್ವಾ ನೀನು?”

“ಇಲ್ಲ. ಬೆಳಿಗ್ಗೆ ಮಿಸ್‌ಗೆ ಹೇಳ್ಬಿಡ್ತೀನಿ.”

ಯಾಕೆಂದು ಪಟಾಕಿಗೆ ಗೊತ್ತಿತ್ತು. ಮಧ್ಯಾಹ್ನ ಊಟದ ಬೆಲ್ ಆದಮೇಲೆ ಅವಳು ಬೆಂಚ್ ಹತ್ತಿ ನಿಂತು, ಗುಬ್ಬಿ ಹೇಗೆ ಕತೆ ಓದುತ್ತಾಳೆಂದು ಆಡಿ ತೋರಿಸಿದ್ದಳು. ಒಂದು ಪದ, ಒಂದು ಉಸಿರು, ಕಿವಿಯ ಹಿಂದೆ ಒಂದು ಕೆರೆತ. ಮತ್ತೆ ಒಂದು ಪದ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು. ಗುಬ್ಬಿಯೂ ಸ್ವಲ್ಪ ನಕ್ಕಿದ್ದಳು. ಆಮೇಲೆ ಊಟದ ಡಬ್ಬಿ ಎತ್ತಿಕೊಂಡು ಕೊನೇ ಬೆಂಚಿಗೆ ಹೋಗಿ ಒಬ್ಬಳೇ ಕೂತಿದ್ದಳು.

ಈಗ ಅದನ್ನು ಗುಬ್ಬಿ ಅಪ್ಪನ ಮುಂದೆ ಹೇಳಿಬಿಟ್ಟರೆ?

ಬಾಯಿ ಬಿಟ್ಟರೆ ನಗಿಸುತ್ತಾಳೆಂದೇ ಅವಳಿಗೆ ಪಟಾಕಿ ಎಂದು ಹೆಸರು. ಒಂದು ಜೋಕ್ ಹೊಡೆದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಳು.

“ಪಾಪ, ಸ್ಟೇಜ್ ಅಂದ್ರೆ ನಿನ್ ಫ್ರಾಕ್‌ಗೇ ಭಯ ಕಣೇ. ನೋಡು, ಹೆದರಿ ಹೇಗೆ ಮುದುಡಿಕೊಂಡಿದೆ.”

“ಹ್ಹ ಹ್ಹ,” ಎಂದ ಅಪ್ಪ. ಪೆಟ್ಟಿಗೆ ತೋಳಿನಿಂದ ಕಾಲರಿಗೆ ಹೋಯಿತು. ಗುಬ್ಬಿ ನಗಲಿಲ್ಲ.

ಪಟಾಕಿ ಕನ್ನಡಕದ ಮೇಲಿಂದ ನೋಡುವ ಹೆಡ್‌ಮಿಸ್ ಆದಳು. “ಹ್ಹ ಹ್ಹ,” ಎಂದ ಅಪ್ಪ ಮತ್ತೆ. ಪೆಟ್ಟಿಗೆ ಓಡುತ್ತಲೇ ಇತ್ತು.

“ಇವಳ ಮಂಗಾಟ ಇದ್ದದ್ದೇ. ನೀನ್ಯಾಕಮ್ಮ ಇವತ್ತು ಮಾತೇ ಆಡ್ತಿಲ್ಲ?”

ಗುಬ್ಬಿ ಕಿವಿಯ ಹಿಂದೆ ಕೆರೆದುಕೊಂಡಳು.

“ನನ್ನ ಮಾತನ್ನೆಲ್ಲ... ಇವಳೇ ಮಧ್ಯಾಹ್ನ ಕ್ಲಾಸಲ್ಲಿ ಆಡಿ ಮುಗಿಸಿದ್ಲು ಅಂಕಲ್. ನಂಗೇನೂ... ಉಳಿಸಿಲ್ಲ.”

ಅಪ್ಪ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಆಮೇಲೆ ಸದ್ದಿಲ್ಲದೆ, ಭುಜ ಕುಲುಕಿಸುತ್ತ ನಕ್ಕ.

ಹಿಂದೊಮ್ಮೆ ಹೀಗೇ ನಗುತ್ತ ಅವನು ಯಾರದೋ ಬಿಳಿ ಅಂಗಿ ಸುಟ್ಟಿದ್ದ. ಅಂದಿನಿಂದ ನಿಜವಾದ ನಗು ಬಂದರೆ ಮೊದಲು ಪೆಟ್ಟಿಗೆ ನಿಲ್ಲಿಸುವುದು ಅವನ ರೂಢಿ. ಅಜ್ಜಿಯ ಗೊಣಗಾಟಕ್ಕೆ ಅದು ನಿಂತಿತ್ತು. ಪಕ್ಕದಂಗಡಿಯ ಕ್ಷೌರಿಕನ ಮಾತಿಗೂ ನಿಂತಿತ್ತು. ತನ್ನ ಜೋಕಿಗೆ ಯಾವಾಗ ನಿಂತಿತ್ತು? ಪಟಾಕಿ ನೆನಪಿಸಿಕೊಂಡಳು. ಎಷ್ಟು ನೆನಪಿಸಿಕೊಂಡರೂ, ಆ ನೆನಪುಗಳಲ್ಲೆಲ್ಲ ಪೆಟ್ಟಿಗೆ ಓಡುತ್ತಲೇ ಇತ್ತು.

ಅಷ್ಟರಲ್ಲಿ ಗುಬ್ಬಿ ಹೇಳಿದ್ದು ಏನೆಂದು ಅಪ್ಪನಿಗೆ ಹೊಳೆಯಿತು. ನಗು ಆರಿತು. ಅವನು ಮಗಳನ್ನು ನೋಡಿದ.

“ನಾನೇನೂ ತಮಾಷೆ ಮಾಡ್ಲಿಲ್ಲ,” ಎಂದಳು ಗುಬ್ಬಿ. “ನಂಗೆ ಅದೆಲ್ಲ ಬರಲ್ಲ.”

ಪಟಾಕಿಯ ನಾಲಗೆಯ ತುದಿಗೆ ಇನ್ನೊಂದು ಜೋಕ್ ಬಂದಿತ್ತು. ನುಂಗಿಕೊಂಡಳು.

“ಬರುತ್ತೆ. ನಂಗಿಂತ ಚೆನ್ನಾಗಿ ಬರುತ್ತೆ,” ಎಂದಳು. ಕೈಯಲ್ಲಿದ್ದ ಬಟ್ಟೆ ಮಡಚಿದಳು, ಬಿಚ್ಚಿದಳು. “ಮಧ್ಯಾಹ್ನದ್ದು... ನಾನು ಹಾಗೆ ಮಾಡಬಾರದಿತ್ತು. ಸಾರಿ ಕಣೇ.”

ಗುಬ್ಬಿ ಮೇಜಿನ ಮೇಲಿದ್ದ ತನ್ನ ಫ್ರಾಕನ್ನೇ ನೋಡುತ್ತ ನಿಂತಳು. ರಸ್ತೆಯಲ್ಲಿ ಒಂದು ಬಸ್ ಹೋಯಿತು. ಅದರ ಸದ್ದು ಪೂರ್ತಿ ಅಡಗಿತು.

“ಇಸ್ತ್ರಿಗೆ ಎಷ್ಟು ಹೊತ್ತಾಗುತ್ತೆ ಅಂಕಲ್?”

ಅಪ್ಪ ಮೆಲ್ಲಗೆ ಫ್ರಾಕನ್ನು ಹರಡಿ ಪೆಟ್ಟಿಗೆ ಎತ್ತಿಕೊಂಡ. “ನೀನು ಒಂದ್ಸಲ ಕತೆ ಓದಿ ಮುಗಿಸೋ ಅಷ್ಟು ಹೊತ್ತು.”

“ಹಾಗಾದ್ರೆ... ಬೆಳಗಾಗುತ್ತೆ.”

ಪೆಟ್ಟಿಗೆ ಮತ್ತೆ ನೆಟ್ಟಗೆ ನಿಂತಿತು.

ಪಟಾಕಿಗೂ ನಗು ಉಕ್ಕಿ ಬಂತು. ಬಾಯಿ ತೆರೆಯುವ ಮೊದಲು ಅವಳು, ನಗಲೇ ಎಂದು ಕೇಳುವಂತೆ, ಗುಬ್ಬಿಯ ಮುಖ ನೋಡಿದಳು.